ಎರವಲು ತಂದ ಕುರ್ಚಿ

ಓಣಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಕ್ಕ. ಗಂಡ ಸಾಯುವಾಗ ಅವಳಿಗೆ ಬಿಟ್ಟುಹೋದದ್ದು ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಮತ್ತು ತನ್ನ ಅಮ್ಮನನ್ನು. ಎರಡೂ ಬಲು ಬೇಗ ಬಿಸಿಯಾಗುತ್ತವೆ ಎಂದು ಅವಳೇ ಹೇಳಿ ನಗುತ್ತಿದ್ದಳು.

ಒಂದೇ ಕೋಣೆಯ ಮನೆ. ಮೇಲೆ ತಗಡು, ತಗಡಿನ ತುಂಬ ತೂತು. ಮಳೆ ಹಿಡಿದರೆ ಒಳಗಿನ ಒಣ ಜಾಗ ಮೊದಲು ಗಿರಾಕಿಗಳ ಬಟ್ಟೆಗೆ, ಅವು ನೆನೆದರೆ ಮರುದಿನ ಒಲೆ ಉರಿಯುವುದಿಲ್ಲ. ಆಮೇಲೆ ಅತ್ತೆಯ ಮಂಚಕ್ಕೆ. ಉಳಿದರೆ ಅವಳಿಗೆ; ಉಳಿಯುತ್ತಲೇ ಇರಲಿಲ್ಲ. ಹೋದ ಮಳೆಗಾಲದಲ್ಲಿ ಅತ್ತೆಯ ನೆಗಡಿ ಎದೆಗಿಳಿದು ಆಸ್ಪತ್ರೆ ಸೇರಿಸಬೇಕಾಯಿತು. ಇನ್ನೊಂದು ಮಳೆಗಾಲ ಹೀಗೆ ತಂಡಿಯಲ್ಲಿ ಮಲಗಿದರೆ ಮುದುಕಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿಬಿಟ್ಟರು.

ಅಷ್ಟರಲ್ಲಿ ನಗರಸಭೆಯವರು ಬಡವರ ಮನೆಗೆ ಹೊಸ ಸೂರು ಹಾಕಿಸಿಕೊಡುವ ಯೋಜನೆ ತಂದರು. ಇಸ್ತ್ರಿಯಕ್ಕ ಅರ್ಜಿ ಹಾಕಿದಳು. ಮನೆ ನೋಡಲು ಸಾಹೇಬರು ಬರುತ್ತಾರೆಂದು ಗೊತ್ತಾದದ್ದೇ ತಡ, ಓಣಿಗೆ ಓಣಿಯೇ ಟೊಂಕ ಕಟ್ಟಿ ನಿಂತಿತು. ಅಷ್ಟು ದೊಡ್ಡವರನ್ನು ನೆಲದ ಮೇಲೆ ಕೂರಿಸುವುದುಂಟೇ? ಪಕ್ಕದ ಮನೆಯ ಬಡಗಿಯಣ್ಣ ತನ್ನ ಮೆತ್ತೆಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದ. ಎದುರುಮನೆಯ ಟೀಚರಮ್ಮ ಟೇಬಲ್ ಫ್ಯಾನು, ಹೂವಿನ ಚಿತ್ತಾರದ ಕಪ್ಪುಗಳನ್ನು ಕೊಟ್ಟಳು. ಇಸ್ತ್ರಿಯಕ್ಕ ಗಿರಾಕಿಗಳ ಕೋಟು, ಷರಟುಗಳನ್ನು ಸಾಲಾಗಿ ತೂಗುಹಾಕಿ ಗೋಡೆಯ ಬಿರುಕು ಮರೆಮಾಡಿದಳು.

"ನನ್ನೊಬ್ಬಳನ್ನ ಯಾಕೆ ಬಿಟ್ರೇ? ಹೊಸಾ ಅತ್ತೆ ಎರವಲು ಸಿಗ್ಲಿಲ್ವಾ?" ಎಂದು ಮಂಚದಿಂದ ಮುದುಕಿ ಕೊಂಕು ತೆಗೆದಳು.

ಸಾಹೇಬ ಬಂದ. ಇನ್ನೂ ಚಿಕ್ಕ ವಯಸ್ಸು, ಮಾತು ನಯ. ಕುರ್ಚಿಯಲ್ಲಿ ಕೂತ, ಫ್ಯಾನಿಗೆ ಮುಖವೊಡ್ಡಿದ, ಕಪ್ಪಿಗೆ ಬಗ್ಗಿ ಚಹಾ ಹೀರಿದ. ಕೋಟುಗಳ ಮೇಲೆ ಕಣ್ಣಾಡಿಸಿದ. "ಮನೆ ಚೆನ್ನಾಗಿಟ್ಕೊಂಡಿದೀರಮ್ಮ" ಎಂದ. ಇಸ್ತ್ರಿಯಕ್ಕ ಹಿರಿಹಿರಿ ಹಿಗ್ಗಿದಳು. ಸೂರು ನೋಡಲು ಬಂದ ಪುಣ್ಯಾತ್ಮ ಒಂದೇ ಒಂದು ಸಲವೂ ತಲೆ ಎತ್ತಲಿಲ್ಲ.

ಅರ್ಜಿ ತಿರಸ್ಕಾರವಾಯಿತು. ಅವಳು ನಗರಸಭೆಗೆ ಓಡಿದಳು. ಅಲ್ಲಿ ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಫ್ಯಾನು ತಿರುಗುತ್ತಿತ್ತು.

"ನಿಮ್ಮನೇಲಿ ಫ್ಯಾನಿದೆ, ಒಳ್ಳೇ ಕುರ್ಚಿ ಇದೆ, ಕೋಟುಗಳಿವೆ. ನಿಮಗೆ ಕೊಟ್ರೆ ನಿಜವಾದ ಬಡವರಿಗೆ ಏನು ಕೊಡೋದು?" ಎಂದ ಸಾಹೇಬ.

"ಅಯ್ಯೋ ಸ್ವಾಮಿ, ಅವೆಲ್ಲ ನೀವು ಬರ್ತೀರಿ ಅಂತ ಎರವಲು ತಂದಿದ್ದು. ಕೋಟು ಗಿರಾಕಿಗಳದ್ದು. ನಾನು ಇಸ್ತ್ರಿ ಮಾಡೋಳು, ಕೋಟು ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?"

"ಬಡವರಾದ್ರೆ ಬಡವರ ಹಾಗೆ ಕಾಣಬೇಕಲ್ಲಮ್ಮ. ಇನ್ನೊಂದ್ಸಲ ಬಂದು ನೋಡ್ತೀನಿ, ಹೋಗಿ."

ಅವಳ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಮನೆಗೆ ಬಂದವನನ್ನು ಮನುಷ್ಯನ ಹಾಗೆ ಕಂಡದ್ದೇ ಅವಳ ತಪ್ಪಾಗಿತ್ತು. ಬಡವರು ಹೇಗೆ ಕಾಣಬೇಕೆಂದು ಇವರಿಗೆ ಹೇಳಿಕೊಟ್ಟವರು ಯಾರು? ಹರಕು ಉಟ್ಟು, ಮೂಗು ಸುರಿಸಿಕೊಂಡು, ಕಾಲಿಗೆ ಬಿದ್ದರೆ ಮಾತ್ರ ಬಡತನವೇ? ಊರಿನ ಬಟ್ಟೆಯ ಸುಕ್ಕೆಲ್ಲ ಬಿಡಿಸುವವಳು ಒಂದು ದಿನ ನೆಟ್ಟಗೆ ನಿಂತರೆ ಇವರ ಯೋಜನೆ ಸಹಿಸುವುದಿಲ್ಲ. ದಾರಿಯುದ್ದಕ್ಕೂ ಅವಳು ಹೀಗೇ ಬೈದುಕೊಂಡಳು. ಆದರೆ ಆಗಲೇ ಮೋಡ ಕಟ್ಟತೊಡಗಿತ್ತು, ಮುದುಕಿ ಕೆಮ್ಮುತ್ತಿದ್ದಳು.

ಎರಡನೆಯ ಸಲ ಓಣಿಯವರು ತರುವ ಬದಲು ಹೊತ್ತೊಯ್ದರು. ಅವಳದೇ ಚಾಪೆ, ಕನ್ನಡಿ, ಅತ್ತೆಯ ತಲೆದಿಂಬು ಕೂಡ ಬಡಗಿಯಣ್ಣನ ಮನೆ ಸೇರಿದವು. ಸಾಹೇಬ ಸುಡುಬಿಸಿಲಲ್ಲಿ ಬಂದು, ಕೂರಲು ಏನೂ ಇಲ್ಲದೆ, ಬಾಗಿಲಲ್ಲೇ ನಿಂತು ಬೆವರೊರೆಸಿಕೊಂಡ.

"ಒಂದ್ಲೋಟ ನೀರು ಸಿಗುತ್ತಾ?"

ನೀರಿನ ಕೊಡ ಅವಳ ಬೆನ್ನ ಹಿಂದೆಯೇ ಇತ್ತು. ಕೇಳುವ ಮೊದಲೇ ನೀರು ಕೊಟ್ಟು ರೂಢಿಯಾದ ಕೈ ಆಗಲೇ ಹಿಂದಕ್ಕೆ ಚಾಚಿತ್ತು. ಕೊಡ ಹೊಸದು, ಲೋಟ ಫಳಫಳ ಹೊಳೆಯುತ್ತಿತ್ತು. ಇದನ್ನು ನೋಡಿ ಇನ್ನೇನು ಅಂದುಕೊಳ್ಳುತ್ತಾನೋ ಎಂದು ಚಾಚಿದ ಕೈಯನ್ನು ಸೆಳೆದುಕೊಂಡಳು.

"ಇಲ್ಲ ಸ್ವಾಮಿ" ಎಂದಳು.

ಸಾಹೇಬನ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಬಂತು. ಸೂರು ಮಂಜೂರಾಯಿತು. ಆ ರಾತ್ರಿ ಇಸ್ತ್ರಿಯಕ್ಕ ತಟ್ಟೆಯ ಮುಂದೆ ಕೂತವಳು ಉಣ್ಣದೆ ಎದ್ದಳು. ಬಾಯಾರಿ ಬಂದವನಿಗೆ ನೀರಿಲ್ಲ ಎಂದದ್ದು ಜನ್ಮದಲ್ಲಿ ಅದೇ ಮೊದಲು.

ಮಳೆಗೆ ಮುಂಚೆಯೇ ಹೊಸ ತಗಡು ಬಂತು. ಹಿಂದೆಯೇ ವಾರ್ಡಿನ ಮೆಂಬರು, ಸಾಹೇಬ, ಫೋಟೋದವನು ಬಂದರು. ಅವಳನ್ನು ನಡುವೆ ನಿಲ್ಲಿಸಿ ಕೈ ಮುಗಿಯಲು ಹೇಳಿದರು. ಅವಳು ಕೈ ಮುಗಿಯಲಿಲ್ಲ. ಬಡಗಿಯಣ್ಣನ ಮನೆಗೆ ಹೋಗಿ ಅದೇ ಕುರ್ಚಿ ತಂದು ಸಾಹೇಬನ ಮುಂದಿಟ್ಟಳು. ಕೊಡದಿಂದ ನೀರು ಬಗ್ಗಿಸಿ ಲೋಟ ಚಾಚಿದಳು.

"ಕೂತ್ಕೊಳ್ಳಿ. ಅವತ್ತೂ ನೀರಿತ್ತು ಸಾಹೇಬ್ರೇ, ಇದೇ ಕೊಡದಲ್ಲಿ. ಇದ್ದೂ ಇಲ್ಲ ಅಂದೆ. ಒಂದು ತಗಡಿಗೋಸ್ಕರ ನನ್ನ ಬಾಯಲ್ಲಿ ಆ ಮಾತು ಆಡಿಸಿದ್ರಿ. ನನ್ನ ಬಡತನ ನಿಮಗೆ ಕಾಣಿಸಿದ್ದು ಅವತ್ತೇ ಅಲ್ವಾ?"

ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಮೆಂಬರು ಗಡಿಯಾರ ನೋಡಿಕೊಂಡ. ಸಾಹೇಬ ಲೋಟ ತೆಗೆದುಕೊಂಡ, ಕೂರಲಿಲ್ಲ.

"ಕುಡಿಯೋವಾಗಲಾದ್ರೂ ತಲೆ ಎತ್ತಿ ಮೇಲೆ ನೋಡಪ್ಪ" ಎಂದಳು ಮಂಚದಿಂದ ಮುದುಕಿ.