ಸೋಲುವ ಮೊದಲೇ ಎದ್ದುಹೋದವನು

ಮೊನ್ನೆ ಲ್ಯಾಪ್‌ಟಾಪ್ ರಿಪೇರಿಗೆಂದು ಎಲೆಕ್ಟ್ರಾನಿಕ್ ಸಿಟಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕೌಂಟರಿನ ಮೇಲೆ ಯಾರದೋ ಹಳೆಯ ಲ್ಯಾಪ್‌ಟಾಪ್ ಬಿದ್ದಿತ್ತು. ಒತ್ತಿ ಒತ್ತಿ ಅದರ ಪವರ್ ಬಟನ್ ಒಳಗೆ ಕೂತುಬಿಟ್ಟಿತ್ತು. ನೋಡಿದ್ದೇ ತಡ, ಆಫೀಸಿನಲ್ಲಿ ನನ್ನ ಎದುರು ಡೆಸ್ಕಿನಲ್ಲಿ ಕೂರುತ್ತಿದ್ದ ಮಹಾನುಭಾವ ನೆನಪಾದ. ಅವನನ್ನು ಮದುವೆಯಾಗಬೇಕೆಂದಿದ್ದೆ ಎಂದು ಈಗ ಹೇಳಿಕೊಳ್ಳಲೂ ನಾಚಿಕೆ.

ಮೆಟ್ರೋ ಇನ್ನೂ ಇತ್ತ ಬಂದಿರದ ಕಾಲ. ಕಂಪನಿ ಬಸ್ಸಿಗೆ ಕಾಯುವಾಗ ಅವನ ಲ್ಯಾಪ್‌ಟಾಪಿನಲ್ಲಿ ಒಬ್ಬರಾದ ಮೇಲೊಬ್ಬರು ಒಂದು ಕಾರ್ಡಿನ ಆಟ ಆಡುತ್ತಿದ್ದೆವು. ಮೊದಲಿಗೆ ಒಂದಷ್ಟು ಬಡಕಲು ಕಾರ್ಡುಗಳನ್ನು ಕೊಡುತ್ತದೆ. ಒಂದೊಂದು ಶತ್ರುವನ್ನು ಗೆದ್ದಾಗಲೂ ಹೊಸ ಕಾರ್ಡು ಸಿಗುತ್ತದೆ, ಹೀಗೆ ನಮ್ಮ ಕಟ್ಟನ್ನು ನಾವೇ ಬೆಳೆಸಿಕೊಳ್ಳಬೇಕು. ಸತ್ತರೆ ಎಲ್ಲ ಹೋಯಿತು, ಮತ್ತೆ ಮೊದಲಿನಿಂದ ಆಡಬೇಕು.

ನನಗೆ ಆ ಆಟ ಚೆನ್ನಾಗಿ ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ. ಹೊಳೆಯುವ ಕಾರ್ಡು ಕಂಡರೆ ಸಾಕು, ಮದುವೆಮನೆಯಲ್ಲಿ ಬಡಿಸಿಕೊಂಡ ಹಾಗೆ ಎಲ್ಲವನ್ನೂ ಹಾಕಿಸಿಕೊಳ್ಳುತ್ತಿದ್ದ. ಕಟ್ಟು ದಪ್ಪವಾದಷ್ಟೂ ಬೇಕಾದ ಕಾರ್ಡು ಬೇಕಾದಾಗ ಬರುವುದಿಲ್ಲ, ಬೇಡದ್ದನ್ನು ಬಿಡು, ಬಡಕಲು ಕಾರ್ಡುಗಳನ್ನು ಅವಕಾಶ ಸಿಕ್ಕಾಗಲೆಲ್ಲ ತೆಗೆದುಹಾಕು ಎಂದು ಬಾಯಿ ನೋಯುವಷ್ಟು ಹೇಳಿದೆ. ಮುಂದಿನ ಏಟು ಯಾವುದೆಂದು ಶತ್ರುವಿನ ತಲೆಯ ಮೇಲೇ ತೋರಿಸುತ್ತದೆ, ಅವನು ಹೊಡೆಯಲು ಬರುವಾಗ ಗುರಾಣಿ ಹಿಡಿ, ಸುಮ್ಮನಿರುವಾಗ ಹೊಡಿ ಎಂದೆ. ಆಟದಲ್ಲಿ ಸಿಗುವ ಮದ್ದಿನ ಸೀಸೆಗಳನ್ನು ಬಳಸದೆ ಕೂಡಿಟ್ಟುಕೊಂಡು ಸಾಯಬೇಡ ಎಂದೆ... ಎಲ್ಲದಕ್ಕೂ ಗೊತ್ತು ಗೊತ್ತು ಎನ್ನುತ್ತಿದ್ದ.

ಅವನಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಇನ್ನೇನು ಸತ್ತೆ ಎನ್ನುವಾಗ ಪವರ್ ಬಟನ್ ಒತ್ತಿ ಹಿಡಿಯುವುದು. ಆಟದಿಂದ ಹೊರಬರಲು ನೆಟ್ಟಗಿನ ದಾರಿ ಇತ್ತು, ಆದರೆ ಅವನ ಗಾಬರಿಗೆ ಅಷ್ಟು ತಾಳ್ಮೆ ಎಲ್ಲಿ? ಮತ್ತೆ ತೆರೆದರೆ ಸತ್ತ ಲೆಕ್ಕವಿಲ್ಲ, ಆ ಒಂದು ಸುತ್ತು ಮಾತ್ರ ಮೊದಲಿನಿಂದ ಶುರುವಾಗುತ್ತಿತ್ತು. ಅದೇ ಶತ್ರು, ಅದೇ ಕಾರ್ಡುಗಳು, ಅದೇ ಸರದಿಯಲ್ಲಿ. ಬಾಯಿಪಾಠವಾಗುವ ತನಕ ಹೀಗೇ ಮಾಡಿ, ಕೊನೆಯ ರಾಕ್ಷಸನನ್ನೂ ಕೆಡವಿ ಮೀಸೆ ತಿರುವುತ್ತಿದ್ದ. ಒಬ್ಬನೇ ಆಡುವ ಆಟದಲ್ಲೂ ಮೋಸ ಮಾಡುವವನನ್ನು ಏನನ್ನಬೇಕು? ಆಗ ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಒಂದು ಭಾನುವಾರ ಅವನನ್ನು ಆನೇಕಲ್ಲಿನ ನಮ್ಮ ಮನೆಗೆ ಕರೆದುಕೊಂಡು ಹೋದೆ. ಅಪ್ಪ ಕಾಫಿ ಕೊಡಿಸಿ, ಊರು ಕೇರಿ ವಿಚಾರಿಸಿ, ನಿಮ್ಮ ಮನೆಯವರು ಒಪ್ಪದಿದ್ದರೆ ಏನು ಮಾಡುತ್ತೀಯಪ್ಪ ಎಂದು ಕೇಳಿದರು. ಜಾತಿ ಬೇರೆಯಾಗಿತ್ತು, ಕೇಳಬೇಕಾದ ಮಾತೇ. ಇವನು ತಟ್ಟನೆ ಎದ್ದ. ಬಾರದ ಫೋನನ್ನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಹೋದವನು ಬೈಕ್ ಹತ್ತಿ ಹೊರಟೇಹೋದ.

ಮುಂದಿನ ಭಾನುವಾರ ಅದೇ ಹೊತ್ತಿಗೆ, ಅದೇ ಅಂಗಿ ತೊಟ್ಟು, ಏನೂ ಆಗಿಯೇ ಇಲ್ಲವೆಂಬಂತೆ ಬಂದು ಅದೇ ಕುರ್ಚಿಯಲ್ಲಿ ಕುಳಿತ. ನನಗೆ ಮೈಯೆಲ್ಲ ಉರಿಯಿತು. ಅಪ್ಪ ಬಾಯಿ ತೆರೆಯುವ ಮುಂಚೆಯೇ ಒಪ್ಪಿಸಿದ, "ನಮ್ಮನೇಲಿ ಒಪ್ಲಿಲ್ಲ ಅಂದ್ರೂ ನಾನು ಮದ್ವೆ ಆಗ್ತೀನಿ ಅಂಕಲ್."

ಅಪ್ಪ ಲೋಟ ಕೆಳಗಿಟ್ಟರು. "ಅದಿರ್ಲಿ ಬುಡು. ಅವತ್ತು ಮಾತಿನ ಮಧ್ಯ ಯಾಕಪ್ಪ ಎದ್ದೋದೆ?"

ಆ ಪ್ರಶ್ನೆಗೆ ಅವನು ಓದಿಕೊಂಡು ಬಂದಿರಲಿಲ್ಲ. ಹೆದರಿಕೆಯಾಯಿತು ಎಂದಿದ್ದರೆ ಸಾಕಿತ್ತು, ಅಪ್ಪ ನಕ್ಕುಬಿಡುತ್ತಿದ್ದರು. ನಾನಂತೂ ಅಲ್ಲೇ ಎಲ್ಲ ಮರೆಯುತ್ತಿದ್ದೆ... ಅವನ ಕೈ ಮೆಲ್ಲಗೆ ಫೋನಿದ್ದ ಜೇಬಿಗೆ ಹೋಯಿತು.

"ಸೋತ್ರೆ ಸೋತೆ ಕಣೋ, ಕೂತ್ಕೋ," ಎಂದೆ. ಬೇಡಿಕೊಂಡ ಹಾಗೆ ನನಗೇ ಕೇಳಿಸಿತು.

ಅವನು ಎದ್ದುಹೋದ. ಮೂರನೆಯ ಭಾನುವಾರವೂ ಬಂದ, ಆ ಉತ್ತರವನ್ನೂ ಕಲಿತುಕೊಂಡು ಬಂದಿದ್ದನೇನೋ. ನಾನು ಬಾಗಿಲು ತೆಗೆಯಲಿಲ್ಲ.

ಆ ಆಟ ಈಗ ನನ್ನ ಫೋನಿನಲ್ಲೇ ಇದೆ. ನಿನ್ನೆ ಮೆಟ್ರೋದಲ್ಲಿ ಮನೆಗೆ ಬರುವಾಗ ಕೊನೆಯ ರಾಕ್ಷಸನ ಕೈಯಲ್ಲಿ ಸತ್ತೆ. ಕಟ್ಟು ತೆಳ್ಳಗಿತ್ತು, ಗುರಾಣಿಯೂ ಇತ್ತು, ಆದರೂ ಸತ್ತೆ. ಅಯ್ಯೋ ಹೋಯ್ತು ಎನ್ನುತ್ತ ಪಕ್ಕಕ್ಕೆ ತಿರುಗಿದರೆ ಯಾರೋ ಗುರುತಿಲ್ಲದವರು ತೂಕಡಿಸುತ್ತಿದ್ದರು. ಆ ಹೇಡಿ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.