ಅಜ್ಜಂಪುರದ ವೈಂಡಿಂಗ್ ಅಂಗಡಿಗೆ ಸೇರಿದ್ದು

ಕಡೂರಿನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ನಾವಿಬ್ಬರು ಕೆಲಸ ಕಲಿಯುತ್ತಿದ್ದೆವು. ನಾನು ದೇವನೂರಿನವನು, ಅವನು ಪಂಚನಹಳ್ಳಿಯವನು. ನನಗಿಂತ ತಡವಾಗಿ ಸೇರಿದವನು ಅವನೇ. ಆದರೂ ಸುಟ್ಟ ಬೋರ್‌ವೆಲ್ ಮೋಟರ್ ಬಂದರೆ ಹಳೇ ತಂತಿ ಕಿತ್ತು ತೆಗೆಯುವುದು ನನ್ನ ಪಾಲಿಗೆ, ಹೊಸ ತಂತಿ ಸುತ್ತುವುದು ಅವನ ಪಾಲಿಗೆ. "ಇವನ ಕೈ ನೋಡ್ರೀ, ಎಷ್ಟು ನೀಟು" ಎಂದು ಮೇಸ್ತ್ರಿ ಬಂದ ರೈತರಿಗೆಲ್ಲ ಹೇಳುತ್ತಿದ್ದರು. ಆಗ ನಾನು ಉಳಿ ಹಿಡಿದು ಕುಟ್ಟುವ ಸದ್ದನ್ನು ಇನ್ನಷ್ಟು ಜೋರು ಮಾಡುತ್ತಿದ್ದೆ. ಮಧ್ಯಾಹ್ನ ಅವನು ಡಬ್ಬಿ ಬಿಚ್ಚಿ ಚಟ್ನಿ ನನ್ನ ಮುಂದೆ ತಳ್ಳಿದರೆ ಬೇಡವೆಂದು ತಲೆಯಾಡಿಸುತ್ತಿದ್ದೆ. ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನೂ ಉರಿಯುತ್ತಿತ್ತು.

ಅಜ್ಜಂಪುರದಲ್ಲಿ ಹೊಸ ಅಂಗಡಿ ಆಗುತ್ತಿದೆ, ಕೆಲಸ ಬಲ್ಲ ಹುಡುಗ ಬೇಕಂತೆ ಎಂದು ತಾಮ್ರದ ತಂತಿ ತಂದುಕೊಡುವವನು ಹೇಳಿದ. ನಂಬರು ಇಸಕೊಂಡು ಫೋನ್ ಮಾಡಿದೆ. ಮನೆಯಲ್ಲೂ ಹೇಳದೆ ಭಾನುವಾರ ಬಸ್ಸು ಹತ್ತಿದೆ.

ಅಂಗಡಿಗೆ ಇನ್ನೂ ಬಣ್ಣ ಹೊಡೆಯುತ್ತಿದ್ದರು. ಮಾಲೀಕರು ಸ್ಟೂಲು ಎಳೆದು ಕೂರಿಸಿದರು.

"ನಿನ್ ಜೊತೆ ಇದಾನಲ್ಲ, ಪಂಚನಹಳ್ಳಿ ಹುಡ್ಗ, ಅವನನ್ನೇ ಮೊದ್ಲು ಕೇಳಿದ್ದು ಕಣಪ್ಪ. ನಾನ್ ಬರಲ್ಲ, ನನ್ ಜೊತೆಯವನನ್ನ ಕರ್ಕಳಿ, ಒಳ್ಳೆ ಕೆಲ್ಸಗಾರ ಅಂತ ನಿನ್ ಹೆಸ್ರು ಹೇಳ್ದ. ಅಷ್ಟೊತ್ತಿಗೆ ನೀನೇ ಫೋನ್ ಮಾಡ್ಬಿಟ್ಟೆ."

ಎದ್ದು ಬಂದುಬಿಡೋಣ ಅನ್ನಿಸಿತು. ಅವನು ಬೇಡವೆಂದು ಬಿಟ್ಟ ಜಾಗ, ಅದೂ ಅವನದೇ ಶಿಫಾರಸು! ಆದರೂ ಕೇಳಿದೆ, "ವೈಂಡಿಂಗ್ ನಾನೇ ಮಾಡ್ಬೋದಾ ಸಾರ್?"

"ಇನ್ಯಾರಪ್ಪ ಮಾಡ್ತಾರೆ? ಇರೋನು ನೀನೊಬ್ನೇ."

ಮುಂದಿನ ವಾರದಿಂದ ಬತ್ತೀನಿ ಅಂದೆ.

ಮೇಸ್ತ್ರಿಗೆ ಹೇಳಿದಾಗ, ಬಾಯಿಮಾತಿಗಾದರೂ ಇರು ಅನ್ನುತ್ತಾರೆ ಅಂದುಕೊಂಡಿದ್ದೆ. "ಹೋಗಪ್ಪ, ಒಳ್ಳೇದಾಗ್ಲಿ" ಅಂದರು, ಅಷ್ಟೇ. ಅವನು ಮಾತ್ರ ಬೈಕಿನಲ್ಲಿ ಬಸ್‌ಸ್ಟಾಂಡಿಗೆ ಬಿಟ್ಟು, "ತಂತಿ ಬಿಗಿಯಾಗಿ ಎಳೀಬೇಡ ಕಣೋ, ಕೂರ್ಸುದ್ರೆ ಸಾಕು" ಅಂದ. ನಾನು ಬಸ್ಸು ಹತ್ತಿದೆ.

ಅಲ್ಲಿ ನಾನು ಕಟ್ಟಿದ ಮೊದಲ ಮೋಟರ್ ಅಂತರಘಟ್ಟೆಯ ಒಂದು ತೆಂಗಿನ ತೋಟಕ್ಕೆ ಹೋಯಿತು. ಬೋರಿಗೆ ಇಳಿಸುವಾಗ ನಾನೂ ಹೋಗಿದ್ದೆ. ಪೈಪಿನಲ್ಲಿ ಮೊದಲು ಕೆಸರು, ಆಮೇಲೆ ತಿಳಿನೀರು ಬಂತು. ತೋಟದವರು ಬೆನ್ನು ತಟ್ಟಿದರು. ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಫೋನ್ ಮಾಡಿದೆ, ಅವನಿಗೇ.

"ನೀರು ಬಂತಂತೆ!" ಎಂದು ಅವನು ಅಂಗಡಿಯವರಿಗೆಲ್ಲ ಕೇಳುವಂತೆ ಕೂಗಿದ. ಹಿಂದಿನಿಂದ ಮೇಸ್ತ್ರಿ ನಕ್ಕಿದ್ದು, "ಬಾರೋ ಮಗಾ, ಕೆಲ್ಸ ನೋಡು" ಎಂದು ಅವನನ್ನು ಕರೆದದ್ದು ಕೇಳಿಸಿತು. ನನ್ನನ್ನು ಅವರು ಒಮ್ಮೆಯೂ ಮಗಾ ಅಂದಿರಲಿಲ್ಲ. ನೀರಿನ ಸದ್ದಿಗೆ ಏನೂ ಕೇಳ್ತಿಲ್ಲ ಕಣೋ ಎಂದು ಹೇಳಿ ಫೋನಿಟ್ಟೆ.