ಮೂಕ ಪೆಟ್ಟಿಗೆಗೆ ಮಾತು ಕೊಡುವ ಕಿವಿಯಕ್ಕ

ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ, ಒಳಗೆ ದೀಪ ಹಾಕಿಲ್ಲ. ಕತ್ತಲಲ್ಲಿ ಹಳೇ ಕಂಪ್ಯೂಟರುಗಳು ಒಂದೊಂದಾಗಿ ಏಳುತ್ತವೆ, ಕೆಮ್ಮಿ ಕ್ಯಾಕರಿಸಿ ಹಾಸಿಗೆ ಬಿಡುವ ಅಜ್ಜಂದಿರ ಹಾಗೆ. ಯಾರೋ ಕೀಲಿಮಣೆಯ ಮೇಲೆ ಮೂರಕ್ಷರ ಕುಟ್ಟುತ್ತಾರೆ. ಪೆಟ್ಟಿಗೆಯ ಹೊಟ್ಟೆಯೊಳಗಿಂದ ಒಂದು ಬೀಪ್. ಪಕ್ಕದ ಮೇಜಿಗೆ ಸರಿಯುತ್ತಾರೆ. ಮತ್ತೆ ಮೂರಕ್ಷರ, ಮತ್ತೆ ಒಂದು ಬೀಪ್. ಮೂರನೆಯ ಮೇಜಿನಲ್ಲಿ ಮಾತ್ರ ಎರಡು ಬೀಪ್ ಬರುತ್ತವೆ.

"ಯಾಕಪ್ಪಾ, ಬೆಳಿಗ್ಗೆ ಬೆಳಿಗ್ಗೇನೇ ಮುನಿಸು? ನಿನ್ನೆ ಹೊಟ್ಟೆಗೆ ಹಾಕಿಲ್ವಾ ನಿಂಗೆ?" ಎನ್ನುತ್ತ ಅವರು ಹೆಡ್‌ಫೋನನ್ನು ಚಾರ್ಜಿಗೆ ಸಿಕ್ಕಿಸುತ್ತಾರೆ.

ಬಾಗಿಲಲ್ಲಿ ವಾಚ್‌ಮನ್ ಇಣುಕುತ್ತಾನೆ. "ಅಕ್ಕಾ, ಲೈಟಾದ್ರೂ ಹಾಕ್ಕೋಬಾರ್ದಾ?"

"ಯಾರಿಗೆ ಹಾಕ್ಲಿ? ಕಂಪ್ಯೂಟರಿಗೂ ಬೇಡ, ನಂಗೂ ಬೇಡ. ನಿಂಗೆ ಹೆದರಿಕೆ ಆಗುತ್ತೆ ಅಂದ್ರೆ ಹೇಳು, ಹಾಕ್ತೀನಿ."

ಇವರೇ ಕಿವಿಯಕ್ಕ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ಆ ಹೆಸರಲ್ಲಿ ಕರೆದರೆ ಬೇರೆ ಯಾರನ್ನೋ ಕರೀತಿದ್ದಾರೆ ಅಂದುಕೊಂಡು ಸುಮ್ಮನಿರುತ್ತಾರೆ. ವಯಸ್ಸು ಐವತ್ತು ದಾಟಿದೆ. ಶಾಲೆಯ ದಿನಗಳಲ್ಲೇ ಕಣ್ಣು ಕೈಕೊಟ್ಟಿತು. ಉಳಿದದ್ದು ಕಿವಿ. ಅದೂ ಹಿತ್ತಾಳೆಯದ್ದಲ್ಲ, ಯಾರ ಚಾಡಿಯನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಈ ಕೋಣೆಯ ಕೆಲಸ ಇಷ್ಟು. ಮೇಲಿನ ಮಹಡಿಗಳ ಡಾಕ್ಟರುಗಳು ರೋಗಿಯನ್ನು ನೋಡಿ, ಬರೆಯಬೇಕಾದ್ದನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಕೆಳಗಿನವರು ಅದನ್ನು ಕೇಳಿ ಟೈಪ್ ಮಾಡುತ್ತಾರೆ. ಡಾಕ್ಟರುಗಳ ಕೈಬರಹ ಔಷಧಿ ಅಂಗಡಿಯವನಿಗೆ ಮಾತ್ರ ಅರ್ಥವಾಗುತ್ತದೆ ಎಂಬ ಮಾತಿದೆ. ಅವರ ಬಾಯಿಬರಹ ಅರ್ಥವಾಗುವುದು ಈ ಕೋಣೆಗೆ ಮಾತ್ರ. ದಿನಕ್ಕೆ ಇನ್ನೂರು ರೆಕಾರ್ಡಿಂಗ್ ಇಳಿದು ಬರುತ್ತವೆ. ಆರು ಮೇಜು, ಕೂತವರಲ್ಲಿ ಯಾರಿಗೂ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವಿದೆ, ಅದಕ್ಕೆ ಇವರಿಟ್ಟ ಹೆಸರು ಗಿಣಿ. ಡಾಕ್ಟರ ದನಿಯೂ ಗಿಣಿಯ ದನಿಯೂ ಬರುವುದು ಒಂದೇ ಬ್ಲೂಟೂತ್ ಹೆಡ್‌ಫೋನಿನಲ್ಲಿ.

ತಂಟೆ ಇರುವುದೇ ಇಲ್ಲಿ. ಹೆಡ್‌ಫೋನ್ ಕನೆಕ್ಟ್ ಆಗದಿದ್ದರೆ ಗಿಣಿ ಮೂಕ. ಗಿಣಿ ಮೂಕವಾದರೆ ಏನು ಕೆಟ್ಟಿದೆ ಎಂದು ಹೇಳುವವರಿಲ್ಲ. ಏನು ಕೆಟ್ಟಿದೆ ಎಂದು ತಿಳಿಯದೆ ಹೆಡ್‌ಫೋನ್ ಕನೆಕ್ಟ್ ಮಾಡುವುದು ಹೇಗೆ? ಮದುವೆಯಾಗುವ ತನಕ ಹುಚ್ಚು ಬಿಡದು, ಹುಚ್ಚು ಬಿಡುವ ತನಕ ಮದುವೆಯಾಗದು.

"ವೈರ್ ಇರೋ ಹೆಡ್‌ಫೋನ್ ಹಾಕಿ ಅಂತ ಎಲ್ರೂ ಬುದ್ಧಿ ಹೇಳ್ತಾರೆ," ಎಂದು ಕಿವಿಯಕ್ಕ ನಗುತ್ತಾರೆ. "ಹಾಕಿದ್ವಲ್ಲ. ಒಬ್ಬರ ಕೋಲಿಗೆ ಇನ್ನೊಬ್ಬರ ವೈರ್ ಸಿಕ್ಕಿ, ಎಳೆದೂ ಎಳೆದೂ ಆರೂ ಪೆಟ್ಟಿಗೆಗೆ ಸಿಕ್ಕಿಸೋ ತೂತೇ ಹಾಳಾಯ್ತು. ಆಮೇಲೆ ಯಾರೋ ಪುಣ್ಯಾತ್ಮರು ಈ ಬ್ಲೂಟೂತಿನವನ್ನ ದಾನ ಕೊಟ್ರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸೋಕಾಗುತ್ತಾ?"

ಕಿವಿಯಕ್ಕ ಮೊದಲು ಇದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಯಾವ ವಾರ್ಡಿಗೆ ಯಾವ ನಂಬರು ಎಂಬುದೆಲ್ಲ ಬೆರಳ ತುದಿಯಲ್ಲಿತ್ತು. ಒಂದು ದಿನ 'ಇದಕ್ಕಾಗಿ ಒಂದನ್ನು ಒತ್ತಿ, ಅದಕ್ಕಾಗಿ ಎರಡನ್ನು ಒತ್ತಿ' ಎನ್ನುವ ಯಂತ್ರ ಬಂದು ಅವರನ್ನೇ ಪಕ್ಕಕ್ಕೆ ಒತ್ತಿತು. ಆಸ್ಪತ್ರೆಯವರು ದಯೆ ತೋರಿ ಈ ನೆಲಮಾಳಿಗೆಯಲ್ಲಿ ಕುರ್ಚಿ ಕೊಟ್ಟರು, ಕೆಲಸ ಕೊಡುವುದನ್ನು ಮರೆತರು. ಮರೆತದ್ದನ್ನು ಇವರೇ ಹುಡುಕಿಕೊಂಡರು.

ಕಂಪ್ಯೂಟರುಗಳು ಮೇಲಿನವರು ಬಳಸಿ ಬಿಟ್ಟವು. ಭಾರದ್ದೇನನ್ನೂ ಹೊರಲಾರವು, ಆದ್ದರಿಂದ ಅವನ್ನು ನಡೆಸಲು ಲಿನಕ್ಸ್ ಎಂಬ ಹಗುರವಾದ ತಂತ್ರಾಂಶ ಹಾಕಿದ್ದರು. ಹಗುರ ಎಂದರೆ ಬಾಡಿಗೆ ಮನೆ ಇದ್ದ ಹಾಗೆ. ಗೋಡೆ ಇರುತ್ತದೆ, ಬಲ್ಬು ನೀವು ತಂದುಕೊಳ್ಳಬೇಕು. ಬ್ಲೂಟೂತ್ ಇತ್ತು, ಹೆಡ್‌ಫೋನಿನ ಗುರುತೂ ಹಿಡಿಯುತ್ತಿತ್ತು. ದನಿಯನ್ನು ಅದಕ್ಕೆ ದಾಟಿಸುವ ಸಣ್ಣದೊಂದು ತುಣುಕು ಮಾತ್ರ ಇರಲಿಲ್ಲ. "ಮದುವೆ ಆಗಿದೆ, ಮಾತಿಲ್ಲ ಕತೆಯಿಲ್ಲ, ಹಂಗಿತ್ತು ಸಂಸಾರ," ಎನ್ನುತ್ತಾರೆ.

ಆ ತುಣುಕು ಇಲ್ಲ ಎಂದು ಕಂಡುಹಿಡಿಯಲು ಕಣ್ಣು ಬೇಕಿತ್ತು. ಅದನ್ನು ಮನೆಯಿಂದ ತಂದರು. ಗಂಡ ದರ್ಜಿ. ಕಣ್ಣು ಚುರುಕು, ಇಂಗ್ಲಿಷು ಅಷ್ಟಕ್ಕಷ್ಟೆ. ಭಾನುವಾರಗಳಲ್ಲಿ ಹೆಂಡತಿಯ ಪಕ್ಕ ಸ್ಟೂಲ್ ಹಾಕಿಕೊಂಡು ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು.

"ಎಫ್... ಎ... ಐ... ಎಲ್... ಪಾಸಾಗಿಲ್ಲ ಅನ್ಸುತ್ತೆ ಕಣೇ."

"ಮುಂದೆ ಏನಿದೆ, ಅದನ್ನ ಓದ್ರೀ."

"ಮುಂದೆ ಎರಡು ಚುಕ್ಕಿ. ಕಾಜಾ ಹಾಕದೆ ಬಿಟ್ಟ ಗುಂಡಿ ಥರ ಒಂದರ ಮೇಲೊಂದು."

ಹೀಗೆ ಚುಕ್ಕಿ ಚುಕ್ಕಿ ಸೇರಿಸಿ ಅಕ್ಕ ಪಾಠ ಕಲಿತರು, ಇಲ್ಲದ ತುಣುಕನ್ನು ಹುಡುಕಿ ಹಾಕಿದರು. ಹೆಡ್‌ಫೋನಿಗೂ ಕಂಪ್ಯೂಟರಿಗೂ ಹಳೇ ಗುರುತು ಕೆಟ್ಟುಹೋದರೆ ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಪರಿಚಯ ಮಾಡಿಸಬೇಕು ಎಂಬುದು ತಿಳಿಯಿತು. ಬ್ಲೂಟೂತಿಗೇ ಯಾರೋ ಒಳಗಿಂದ ಚಿಲಕ ಹಾಕಿರುತ್ತಾರೆ, ಮೊದಲು ಅದನ್ನು ತೆಗೆಯಬೇಕು ಎಂಬುದೂ ತಿಳಿಯಿತು. ಆದರೆ ಗಂಡನನ್ನು ದಿನಾ ಜೇಬಲ್ಲಿಟ್ಟುಕೊಂಡು ಬರುವಂತಿಲ್ಲವಲ್ಲ. ಕಡೆಗೆ ನೆನಪಾದದ್ದು ಹಳೇ ಪೆಟ್ಟಿಗೆಗಳ ಹೊಟ್ಟೆಯಲ್ಲಿರುವ ಪುಟ್ಟ ಬೀಪ್. ಅದಕ್ಕೆ ಹೆಡ್‌ಫೋನಿನ ಹಂಗಿಲ್ಲ.

ಈಗ ಉದ್ದುದ್ದದ ಆಜ್ಞೆಗಳನ್ನೆಲ್ಲ ಕಟ್ಟಿ ಒಂದು ಪದದೊಳಗೆ ತುರುಕಿದ್ದಾರೆ. ಬಿ, ಎ, ಎ. ಅಂದರೆ ಬಾ. ಯಾವ ಮೇಜಿನಲ್ಲಾದರೂ ಹಾಗೆ ಟೈಪಿಸಿದರೆ ಕಂಪ್ಯೂಟರು ತನ್ನ ಹೆಡ್‌ಫೋನನ್ನು ಕರೆಯುತ್ತದೆ. ಒಂದು ಬೀಪ್ ಎಂದರೆ ಬಂತು. ಎರಡು ಎಂದರೆ ಬರಲಿಲ್ಲ. ಮೂರು ಎಂದರೆ ಬಂದು ಕೂತಿದೆ, ಮಾತಾಡುತ್ತಿಲ್ಲ. "ಮಕ್ಕಳನ್ನ ಕರೆದ ಹಾಗೇ," ಎನ್ನುತ್ತಾರೆ. "ಕರೆದ ತಕ್ಷಣ ಬರ್ತವೆ ಅಂತೇನಿಲ್ಲ. ಕೇಳಿಸ್ತೋ ಇಲ್ವೋ ಅಂತ ನಮಗೆ ಗೊತ್ತಾಗಬೇಕು, ಅಷ್ಟೆ."

ಇವತ್ತು ಐದು ಮೇಜು ಮುಗಿಸಿದ ಮೇಲೆ ಕಿವಿಯಕ್ಕನ ಕೈ ಬೆಳಿಗ್ಗೆ ಯಾರೂ ಕೂರದ ಆರನೆಯ ಮೇಜಿನ ಮೇಲೆ ಸುಮ್ಮನೆ ಆಡುತ್ತದೆ. ಅಲ್ಲಿ ಹೆಡ್‌ಫೋನ್ ಇಲ್ಲ. ಹೆಡ್‌ಫೋನುಗಳು ಕೋಣೆ ಬಿಟ್ಟು ಹೊರಗೆ ಹೋಗಕೂಡದು ಎಂಬ ಕಾಯಿದೆ ಮಾಡಿದವರು ಅವರೇ, ನಿನ್ನೆ ಅದನ್ನು ಮುರಿದವರೂ ಅವರೇ. ಅಭ್ಯಾಸಕ್ಕೆ ಬೇಕು ಎಂದು ಡ್ರೈವರಣ್ಣ ಕೇಳಿದ್ದರು, ಇವರು ಕೊಟ್ಟಿದ್ದರು.

ಡ್ರೈವರಣ್ಣ ಲಾರಿ ಓಡಿಸುತ್ತಿದ್ದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಎರಡು ವರ್ಷವಾಗಿದೆ. ಹೆಂಡತಿ ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲಿಡೀ ಬೆಡ್‌ಶೀಟ್ ಹಿಂಡುತ್ತಾರೆ. "ಮನೇಲಿ ಸ್ಟೆಪ್ನಿ ಥರ ಬಿದ್ದಿದ್ದೆ. ಸ್ಟೆಪ್ನಿಯಾದ್ರೂ ಒಂದಿನ ಕೆಲಸಕ್ಕೆ ಬರುತ್ತೆ," ಎನ್ನುತ್ತಾರೆ ಅವರು. ಈ ಕೋಣೆಯಲ್ಲಿ ಸಂಜೆಯ ಪಾಳಿ ಹೊಸದಾಗಿ ಶುರುವಾಗಲಿದೆ, ಅದರಲ್ಲಿ ಒಂದು ಸೀಟು ಖಾಲಿ ಇದೆ. ಇವತ್ತು ಅದರ ಪರೀಕ್ಷೆ. ಸಂಜೆ ಕಿವಿಯಕ್ಕ ಇರುವುದಿಲ್ಲ. ಆದ್ದರಿಂದ ಈ ಕೋಣೆಯ ಉಸ್ತುವಾರಿ ನೋಡುವ ಮೇಡಂ ಹಾಕಿದ ಷರತ್ತು ಸರಳ. ತನ್ನ ಹೆಡ್‌ಫೋನನ್ನು ತಾನೇ ಕನೆಕ್ಟ್ ಮಾಡಿಕೊಂಡು, ಅರ್ಧ ಗಂಟೆಯೊಳಗೆ ಒಂದು ರೆಕಾರ್ಡಿಂಗ್ ಟೈಪ್ ಮಾಡಬೇಕು. ಯಾರೂ ಬಾಯಿ ಬಿಡುವಂತಿಲ್ಲ. ಆಗದಿದ್ದರೆ ಸೀಟು ಕಾಯುತ್ತಿರುವ ಇನ್ನೊಬ್ಬರಿಗೆ.

ಬೆಳಿಗ್ಗೆಯ ಪಾಳಿ ಶುರುವಾಗುವ ಮೊದಲೇ ಡ್ರೈವರಣ್ಣ ಬರುತ್ತಾರೆ. ಇಸ್ತ್ರಿ ಮಾಡಿದ ಶರ್ಟು, ಕುತ್ತಿಗೆಯಲ್ಲಿ ಹೆಡ್‌ಫೋನು. ಬೆಳಿಗ್ಗೆಯ ಪಾಳಿಯ ಉಳಿದ ನಾಲ್ವರೂ ಆಗಲೇ ತಮ್ಮ ತಮ್ಮ ಮೇಜಿನಲ್ಲಿ ಕೂತಿದ್ದಾರೆ. ಮೇಡಂ ಮೂಲೆಯ ಕುರ್ಚಿಯಲ್ಲಿ ಕೂತು, "ಶುರು ಮಾಡಿ," ಎನ್ನುತ್ತಾರೆ.

ಡ್ರೈವರಣ್ಣ ಆರನೆಯ ಮೇಜಿನಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡು ಆನ್ ಮಾಡುತ್ತಾರೆ. 'ಕನೆಕ್ಟೆಡ್' ಎಂದು ಕಿವಿಯೊಳಗೆ ಹೆಣ್ಣುದನಿ ಹೇಳುತ್ತದೆ. ಮುಖ ಅರಳುತ್ತದೆ. ಕೀಲಿಮಣೆ ಒತ್ತುತ್ತಾರೆ, ಗಿಣಿ ಮಾತಾಡುವುದಿಲ್ಲ. ಬಾ ಎಂದು ಟೈಪಿಸುತ್ತಾರೆ. ಎರಡು ಬೀಪ್. ಇನ್ನೊಮ್ಮೆ ಬಾ. ಇನ್ನೊಮ್ಮೆ ಎರಡು ಬೀಪ್.

ಕಿವಿ ಬಂತು ಎನ್ನುತ್ತಿದೆ, ಪೆಟ್ಟಿಗೆ ಬರಲಿಲ್ಲ ಎನ್ನುತ್ತಿದೆ. ಯಾರನ್ನು ನಂಬುವುದು?

ಒಂದನೆಯ ಮೇಜಿನಲ್ಲಿ ಕಿವಿಯಕ್ಕನಿಗೆ ಎರಡನೆಯ ಬೀಪಿಗೇ ಎಲ್ಲ ತಿಳಿದುಹೋಗುತ್ತದೆ. ಮನೆಯಲ್ಲಿ ಈ ಹೆಡ್‌ಫೋನು ಬೇರೆ ಯಾರದೋ ಸಹವಾಸ ಮಾಡಿ ಬಂದಿದೆ. ಅದು ಒಂದು ಹೊತ್ತಿಗೆ ಒಬ್ಬರಿಗೇ ಓಗೊಡುವ ಜಾತಿಯದು. ಒಂದು ಮಾತು ಹೇಳಿದರೆ ಸಾಕು, ಆದರೆ ಆ ಮಾತು ಸೀಟನ್ನೇ ನುಂಗುತ್ತದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಾರೆ.

"ಅಕ್ಕಾ?" ಎನ್ನುತ್ತಾರೆ ಡ್ರೈವರಣ್ಣ, ಕತ್ತು ತಿರುಗಿಸಿ.

"ನಾನಿಲ್ಲ. ಸಂಜೆ ಆಗಿದೆ, ಮನೆಗೆ ಹೋಗಿದ್ದೀನಿ."

"ಹೋದವರು ಮಾತಾಡಬಾರದು," ಎನ್ನುತ್ತಾರೆ ಮೇಡಂ.

ಡ್ರೈವರಣ್ಣ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಬೆವರು ಒರೆಸಿಕೊಂಡು, ಮತ್ತೆ ಹಾಕಿಕೊಳ್ಳುತ್ತಾರೆ. ತಮ್ಮಷ್ಟಕ್ಕೇ ಗೊಣಗುತ್ತಾರೆ: "ಕೈಯಲ್ಲಿ ಕೀ ಇದೆ. ಗಾಡಿ ಯಾವುದೂಂತ ಗೊತ್ತಿಲ್ಲ. ಯಾರ್ಡಲ್ಲಿ ಹಿಂಗಾದ್ರೆ ಏನ್ಮಾಡ್ತಿದ್ವಿ? ಒಂದೊಂದಕ್ಕೂ ಕೀ ಹಾಕಿ ಹಾರ್ನ್ ಹೊಡೆಯೋದು. ಯಾವ ಗಾಡಿ ಕೂಗುತ್ತೋ ಅದೇ ನಮ್ದು."

ಹೆಡ್‌ಫೋನಿನ ಮೇಲೊಂದು ಗುಂಡಿ ಇದೆ, ನಿಂತ ಹಾಡನ್ನು ಮತ್ತೆ ಶುರು ಮಾಡುವುದಕ್ಕೆ. ಅದನ್ನು ಒತ್ತುತ್ತಾರೆ. ಮುಂದಿನ ಗಳಿಗೆಯಲ್ಲಿ ಹೊಟ್ಟೆ ಕುಲುಕಿಸಿ ನಗಲು ಶುರು ಮಾಡುತ್ತಾರೆ.

"ಏನ್ರೀ ಅದು?" ಎನ್ನುತ್ತಾರೆ ಮೇಡಂ.

"ಡಾಕ್ಟ್ರು ನನ್ನ ಜೇಬಲ್ಲಿದ್ದಾರೆ, ಮೇಡಂ. ಅಭ್ಯಾಸದ ರೆಕಾರ್ಡಿಂಗು. ಸೊಂಟ ನೋವಿನ ಡಾಕ್ಟ್ರು. ನಿನ್ನೆ ನನ್ನ ಫೋನಲ್ಲಿ ಹಾಕಿ ಕೇಳ್ತಾ ಕೇಳ್ತಾ ಅರ್ಧದಲ್ಲಿ ನಿಲ್ಲಿಸಿದ್ದೆ, ಅಲ್ಲಿಂದಾನೇ ಮುಂದುವರಿಸ್ತಿದ್ದಾರೆ."

ಜೇಬಿನ ಫೋನನ್ನು ಆಫ್ ಮಾಡುತ್ತಾರೆ. ಹೆಡ್‌ಫೋನನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಬಿ, ಎ, ಎ.

ಒಂದು ಬೀಪ್.

ಆಮೇಲೆ ಟೈಪಿಂಗಿನ ಸದ್ದು, ಮೊದಲು ಏರಿನಲ್ಲಿ ಹತ್ತುವ ಲಾರಿಯ ಹಾಗೆ, ಬರಬರುತ್ತ ಸಮತಟ್ಟು ರಸ್ತೆ ಸಿಕ್ಕ ಹಾಗೆ. ಮೇಡಂ ಗಡಿಯಾರ ನೋಡಿ, ಪರದೆ ನೋಡಿ, ಎರಡು ತಪ್ಪು ತೋರಿಸಿ, "ಸೋಮವಾರ ಸಂಜೆಯಿಂದ ಬನ್ನಿ," ಎನ್ನುತ್ತಾರೆ.

"ಮೇಡಂ, ಹೆಡ್‌ಫೋನ್ ಮನೆಗೆ ಕೊಟ್ಟು ಕಳಿಸಿದ್ದು ನಾನು. ಅವರ ತಪ್ಪಲ್ಲ," ಎಂದು ಕಿವಿಯಕ್ಕ ಎದ್ದು ನಿಲ್ಲುತ್ತಾರೆ.

"ನೀವು ಮನೆಗೆ ಹೋಗಿದ್ದೀರಲ್ಲ, ಇನ್ನೂ ಮಾತಾಡ್ತಿದ್ದೀರಾ?" ಎಂದು ಮೇಡಂ ಮೆಟ್ಟಿಲು ಹತ್ತಿ ಹೋಗುತ್ತಾರೆ.

ಬೆಳಿಗ್ಗೆಯ ಪಾಳಿಯವರೆಲ್ಲ ಡ್ರೈವರಣ್ಣನ ಬೆನ್ನು ತಟ್ಟುತ್ತಿದ್ದರೆ, ಕಿವಿಯಕ್ಕ ಮಾತ್ರ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಆ ಗುಂಡಿ ಎಲ್ಲಿದೆ, ತೋರಿಸಿ. ಇಷ್ಟು ವರ್ಷ ಆಯ್ತು, ಪೆಟ್ಟಿಗೆ ಕಡೆಯಿಂದಾನೇ ಕರೀತಿದ್ದೆ ನಾನು. ಹೆಡ್‌ಫೋನ್ ಕಡೆಯಿಂದ ಕೂಗಿ ನೋಡೋಣ ಅಂತ ಹೊಳೀಲೇ ಇಲ್ಲ."

"ನೀವು ಲಾರಿ ಓಡಿಸಿಲ್ವಲ್ಲ ಅಕ್ಕ," ಎಂದು ಡ್ರೈವರಣ್ಣ ಅವರ ಬೆರಳನ್ನು ಗುಂಡಿಯ ಮೇಲಿಡುತ್ತಾರೆ. ಅಂದೇ ಅದು ಪಾಠಕ್ಕೆ ಸೇರುತ್ತದೆ. ಎರಡು ಬೀಪ್ ಬಂದರೆ ಮೊದಲು ಹಾರ್ನ್ ಹೊಡಿ.

ಇಂಥ ಕೆಲಸಕ್ಕೆ ಬಿರುದು ಬಾವಲಿಗಳಿಲ್ಲ. ಎಲ್ಲ ಸರಿಯಿದ್ದಾಗ ಯಾರಿಗೂ ಕಾಣುವುದಿಲ್ಲ, ಕೆಟ್ಟಾಗ ಮಾತ್ರ ಹೆಸರು ಹಿಡಿದು ಕೂಗುತ್ತಾರೆ. ಊಟದ ಹೊತ್ತಲ್ಲೂ ಕೂಗುತ್ತಾರೆ, ರಜೆಯಲ್ಲೂ ಕೂಗುತ್ತಾರೆ. ಕಳೆದ ವರ್ಷ ತಂಗಿಯ ಮನೆಗೆ ನಾಲ್ಕು ದಿನಕ್ಕೆಂದು ಹೋದವರು ಮಾರನೇ ದಿನವೇ ಬಸ್ಸು ಹತ್ತಿದ್ದರು. ಇಡೀ ಕೋಣೆ ಮೂಕವಾಗಿ ಕೂತಿತ್ತು. ತಂಗಿ ಆ ಸಿಟ್ಟನ್ನು ಇನ್ನೂ ಇಳಿಸಿಕೊಂಡಿಲ್ಲ. ಆಸೆ ಏನಾದರೂ ಇದೆಯೇ ಎಂದರೆ ಅಕ್ಕ ಹೇಳುವುದು ಆ ನಾಲ್ಕು ದಿನವನ್ನೇ.

"ಮುಂದಿನ ತಿಂಗಳು ಹೋಗ್ತೀನಿ. ಬೆಳಿಗ್ಗೆ ಇವರು ನಾಲ್ವರಿದ್ದಾರೆ, ಸಂಜೆಗೆ ಡ್ರೈವರಣ್ಣ ಇದ್ದಾರೆ. ತಂಗಿ ಮನೇಲಿ ಸುಮ್ನೆ ಬಿದ್ಕೊಂಡು ಅವಳ ಬೈಗುಳ ಪೂರ್ತಿ ಕೇಳಿಸ್ಕೊಂಡು ಬರಬೇಕು."

"ಅಲ್ಲೂ ಫೋನ್ ಕೈಯಲ್ಲಿ ಹಿಡ್ಕೊಂಡೇ ಕೂತಿರ್ತೀರಾ ಬಿಡಿ, ನಾವು ಕರೀತೀವಿ ಅಂತ," ಎಂದು ಡ್ರೈವರಣ್ಣ ಕೆಣಕುತ್ತಾರೆ.

"ಹಿಡ್ಕೊಂಡೇ ಕೂತಿರ್ತೀನಿ," ಎನ್ನುತ್ತಾರೆ ಕಿವಿಯಕ್ಕ. "ಅದು ಹೊಡ್ಕೊಳ್ಳದೇ ಇರೋದನ್ನ ಕೇಳಿಸ್ಕೋಬೇಕಲ್ಲ."